ಹದಿನಾರರ ಹುಡುಗಿ ಬರೆದ ಪುಂಡರ ಕಥೆ

(ಸಂಘದ ಗ್ರಂಥಾಲಯ ವಿಭಾಗದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಗ್ರಂಥಾಲಯ ವಿಭಾಗದವರು ನನಗೆ ಕೊಟ್ಟ ವಿಷಯ ‘ಯುವಜನರ ಓದು’ ಎಂಬುದಾಗಿತ್ತು. ಅದು ಬಹಳ ಹರವಾದ ವಿಷಯ. ಅಂಥ ವಿಷಯದ ಮೇಲೆ ಮಾತಾಡುವವರು ಸಾಮಾನ್ಯವಾಗಿ ಟಿವಿಯನ್ನೂ ಮೊಬೈಲನ್ನೂ ಬೈದು ಕುಳಿತುಕೊಳ್ಳುತ್ತಾರೆ. ಆದ್ದರಿಂದ ನಾನು ಅದನ್ನು ಕಿರಿದು ಮಾಡಿಕೊಂಡಿದ್ದೇನೆ. ಮನೆಯಲ್ಲಿ ನೆಮ್ಮದಿ ಕಾಣದ, ಶಾಲೆಯಲ್ಲಿ ಹೆಸರು ಕೆಡಿಸಿಕೊಂಡ, ಸಂಜೆಯನ್ನು ಬೀದಿಯ ಮೂಲೆಯಲ್ಲಿ ಕಳೆಯುವ ಹದಿಹರೆಯದ ಹುಡುಗ ಹುಡುಗಿಯರನ್ನು ಕುರಿತು, ಅವರೇ ಓದಲೆಂದು ಬರೆದ ವಾಸ್ತವವಾದಿ ಕಾದಂಬರಿಗಳು ಇಂದಿನ ನನ್ನ ವಿಷಯ. ಇಂಗ್ಲಿಷಿನ ಗ್ರಂಥಾಲಯಗಳಲ್ಲಿ ಇವುಗಳಿಗೆ ‘ಯಂಗ್ ಅಡಲ್ಟ್’ ಎಂಬ ಹೆಸರಿನ ಪ್ರತ್ಯೇಕ ಕಪಾಟು ಇದೆ. ಕನ್ನಡದಲ್ಲಿ ಆ ಕಪಾಟೂ ಇಲ್ಲ, ಅದಕ್ಕೊಂದು ಹೆಸರೂ ನೆಲೆಗೊಂಡಿಲ್ಲ.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಹತ್ತಿರದ ಕಾರಣವಿದೆ. ಸದಸ್ಯರೊಬ್ಬರು ನಮ್ಮ ಗ್ರಂಥಾಲಯಕ್ಕೆ ದಾನವಾಗಿ ಕೊಟ್ಟ ಇಂಗ್ಲಿಷ್ ಪುಸ್ತಕಗಳಲ್ಲಿ ಇಂಥ ಕೆಲವು ಕಾದಂಬರಿಗಳಿದ್ದವು. ಅವುಗಳಲ್ಲಿ ಚಾಕು ಇದೆ, ಮದ್ಯವಿದೆ, ಹೊಲಸು ಮಾತಿದೆ, ತಂದೆತಾಯಿಯರನ್ನು ಎದುರಿಸುವ ಮಕ್ಕಳಿದ್ದಾರೆ, ಹಾಗಾಗಿ ಅವನ್ನು ಹೊರಗಿಡಬೇಕು ಎಂದು ಕೆಲವು ಪಾಲಕರು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದಾರೆ. ಸಮಿತಿ ಇನ್ನೂ ತೀರ್ಮಾನಿಸಿಲ್ಲ. ಪತ್ರ ಬರೆದವರಲ್ಲಿ ನನ್ನ ಹಳೆಯ ಸ್ನೇಹಿತರೂ ಇದ್ದಾರೆ, ಇಂದು ಈ ಸಭೆಯಲ್ಲೂ ಇದ್ದಾರೆ. ಅವರ ಆತಂಕ ಸುಳ್ಳಿನದಲ್ಲ. ಆದರೆ ಆ ಪುಸ್ತಕಗಳು ಯಾರಿಂದ, ಏಕೆ ಬರೆಯಲ್ಪಟ್ಟವು ಎಂಬುದನ್ನು ತಿಳಿದ ಮೇಲೆ ತೀರ್ಮಾನಕ್ಕೆ ಬರುವುದು ನ್ಯಾಯ.

ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ ಟಲ್ಸಾ ಎಂಬ ಊರು. ಎಣ್ಣೆ ಬಾವಿಗಳ ದುಡ್ಡಿನಿಂದ ಬೆಳೆದ ಊರು. 1948ರಲ್ಲಿ ಹುಟ್ಟಿದ ಸೂಸನ್ ಎಲೋಯಿಸ್ ಹಿಂಟನ್ ಅಲ್ಲಿನ ವಿಲ್ ರೋಜರ್ಸ್ ಹೈಸ್ಕೂಲಿನ ವಿದ್ಯಾರ್ಥಿನಿ. ಶಾಲೆಯಲ್ಲಿ ಎರಡು ಗುಂಪುಗಳಿದ್ದವು. ಬಡವರ ಮಕ್ಕಳು ಉದ್ದ ಕೂದಲಿಗೆ ಎಣ್ಣೆ ಬಳಿದುಕೊಳ್ಳುತ್ತಿದ್ದುದರಿಂದ ‘ಗ್ರೀಸರ್ಸ್’, ಎಂದರೆ ಎಣ್ಣೆತಲೆಯವರು. ಶ್ರೀಮಂತರ ಮಕ್ಕಳು ‘ಸೋಷಸ್’. ಸಿನಿಮಾ ನೋಡಿ ಒಬ್ಬನೇ ನಡೆದು ಬರುತ್ತಿದ್ದ ತನ್ನ ಗೆಳೆಯನೊಬ್ಬನಿಗೆ ಶ್ರೀಮಂತ ಹುಡುಗರು ಹೊಡೆದರು ಎಂಬ ಸಿಟ್ಟಿನಲ್ಲಿ ಹದಿನೈದರ ಈ ಹುಡುಗಿ ಬರೆಯತೊಡಗಿದಳು. ಹದಿನಾರರಲ್ಲಿ ಪುಸ್ತಕದ ಬಹುಭಾಗ ಮುಗಿಯಿತು. ಆ ವರ್ಷವೇ ಶಾಲೆಯ ಸೃಜನಶೀಲ ಬರವಣಿಗೆ ತರಗತಿಯಲ್ಲಿ ಅವಳಿಗೆ ಬಂದದ್ದು ‘ಡಿ’ ದರ್ಜೆ. 1967ರಲ್ಲಿ ವೈಕಿಂಗ್ ಪ್ರೆಸ್ ಅದನ್ನು ‘ದಿ ಔಟ್‌ಸೈಡರ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದಾಗ ಅವಳಿಗೆ ಹದಿನೆಂಟು. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳೆಂದರೆ ವಿಮರ್ಶಕರು ಮೂಗು ಮುರಿದಾರು ಎಂದು ಪ್ರಕಾಶಕರು ಹೆಸರನ್ನು ‘ಎಸ್. ಇ. ಹಿಂಟನ್’ ಎಂದಷ್ಟೇ ಅಚ್ಚುಹಾಕಿದರು.

ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಪೋನಿಬಾಯ್ ಎಂಬ ಹದಿನಾಲ್ಕರ ಹುಡುಗ ನಿರೂಪಕ. ತಂದೆತಾಯಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಇಪ್ಪತ್ತು ವರ್ಷದ ಅಣ್ಣ ಓದು ಬಿಟ್ಟು ಕೂಲಿ ಮಾಡಿ ಇಬ್ಬರು ತಮ್ಮಂದಿರನ್ನು ಸಾಕುತ್ತಾನೆ. ಏನಾದರೂ ತಪ್ಪಿದರೆ ಸರಕಾರ ಅವರನ್ನು ಅನಾಥಾಲಯಕ್ಕೆ ಸೇರಿಸುತ್ತದೆ ಎಂಬ ಹೆದರಿಕೆ ಸದಾ ಇದೆ. ಒಂದು ರಾತ್ರಿ ಉದ್ಯಾನದಲ್ಲಿ ಶ್ರೀಮಂತ ಹುಡುಗರು ಪೋನಿಬಾಯ್‌ನ ತಲೆಯನ್ನು ಕಾರಂಜಿಯ ನೀರಿನಲ್ಲಿ ಅದುಮಿ ಹಿಡಿಯುತ್ತಾರೆ. ಅವನನ್ನು ಉಳಿಸಲು ಗೆಳೆಯ ಜಾನಿ ಚಾಕು ತೆಗೆಯುತ್ತಾನೆ, ಒಬ್ಬ ಸಾಯುತ್ತಾನೆ. ಇಬ್ಬರೂ ಓಡಿಹೋಗಿ ಹಳ್ಳಿಯ ಪಾಳು ಚರ್ಚೊಂದರಲ್ಲಿ ಅಡಗುತ್ತಾರೆ. ಆ ಚರ್ಚಿಗೆ ಬೆಂಕಿ ಬಿದ್ದಾಗ ಒಳಗೆ ಸಿಕ್ಕಿಕೊಂಡ ಶಾಲಾ ಮಕ್ಕಳನ್ನು ಹೊರತರುವವರೂ ಇವರೇ. ಜಾನಿ ಸುಟ್ಟಗಾಯದಿಂದ ಸಾಯುತ್ತಾನೆ. ಆ ದುಃಖ ತಾಳದ ಮತ್ತೊಬ್ಬ ಗೆಳೆಯ ಗುಂಡಿಲ್ಲದ ಪಿಸ್ತೂಲನ್ನು ಪೊಲೀಸರತ್ತ ಎತ್ತಿ, ಗುಂಡೇಟಿಗೆ ಬಲಿಯಾಗುತ್ತಾನೆ. ಕೊನೆಯಲ್ಲಿ ಪೋನಿಬಾಯ್ ಇಂಗ್ಲಿಷ್ ವಿಷಯದಲ್ಲಿ ನಪಾಸಾಗುವ ಸ್ಥಿತಿಯಲ್ಲಿರುತ್ತಾನೆ. ಒಂದು ಪ್ರಬಂಧ ಬರೆದುಕೊಡು, ಪಾಸು ಮಾಡುತ್ತೇನೆ ಎನ್ನುತ್ತಾರೆ ಮೇಷ್ಟರು. ನಾವು ಓದಿ ಮುಗಿಸಿದ ಪುಸ್ತಕವೇ ಆ ಪ್ರಬಂಧ.

ಪುಸ್ತಕದ ಕುಂದುಗಳು ನನಗೆ ಕಾಣದೆ ಇಲ್ಲ. ಭಾವುಕತೆ ಹೆಚ್ಚು. ಹುಡುಗರು ಹೊಡೆದಾಡುವಷ್ಟೇ ಸಲೀಸಾಗಿ ಅಳುತ್ತಾರೆ. ಟಲ್ಸಾದಲ್ಲಿ ಕಪ್ಪು ಜನರಿದ್ದರು, 1921ರಲ್ಲಿ ಅವರ ಕೇರಿಯನ್ನೇ ಸುಟ್ಟು ಹಾಕಿದ ಊರು ಅದು. ಆ ಜನ ಈ ಕಥೆಯೊಳಗೆ ಇಲ್ಲವೇ ಇಲ್ಲ. ಇಷ್ಟಾದರೂ ಅದಕ್ಕಿಂತ ಮೊದಲು ಅಮೆರಿಕದ ಹದಿಹರೆಯದವರಿಗೆಂದು ಬರುತ್ತಿದ್ದ ಪುಸ್ತಕಗಳನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಶಾಲೆಯ ನೃತ್ಯಕೂಟಕ್ಕೆ ಯಾರು ಯಾರನ್ನು ಕರೆದರು, ಫುಟ್‌ಬಾಲ್ ಪಂದ್ಯ ಯಾರು ಗೆದ್ದರು ಎಂಬಲ್ಲಿಗೆ ಅವು ಮುಗಿಯುತ್ತಿದ್ದವು. 1951ರಲ್ಲಿ ಸಾಲಿಂಜರ್ ಬರೆದ ‘ದಿ ಕ್ಯಾಚರ್ ಇನ್ ದಿ ರೈ’ ಕಾದಂಬರಿಯನ್ನು ಹುಡುಗರು ತಮ್ಮದಾಗಿಸಿಕೊಂಡರು, ನಿಜ. ಆದರೆ ಅದು ದೊಡ್ಡವರಿಗಾಗಿ ಬರೆದ ಪುಸ್ತಕವಾಗಿತ್ತು. ಹಿಂಟನ್ ಅದೇ 1967ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಸ್ತಕ ಪುರವಣಿಯಲ್ಲಿ ಲೇಖನ ಬರೆದು, ನಾವು ಬದುಕುವ ಬದುಕು ನಮಗಾಗಿ ಬರೆದ ಪುಸ್ತಕದಲ್ಲಿಲ್ಲ ಎಂದು ದೊಡ್ಡವರನ್ನು ನೇರವಾಗಿ ಆಕ್ಷೇಪಿಸಿದಳು. ಆ ಮಾತಿಗೆ ಓದುಗರು ಉತ್ತರ ಕೊಟ್ಟಿದ್ದಾರೆ. ಪುಸ್ತಕದ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. 1983ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅದನ್ನು ಸಿನಿಮಾ ಮಾಡಿದರು. ಸಿನಿಮಾ ಮಾಡಿ ಎಂದು ಅವರಿಗೆ ಪತ್ರ ಬರೆದದ್ದು ಕ್ಯಾಲಿಫೋರ್ನಿಯಾದ ಒಂದು ಸಾಮಾನ್ಯ ಶಾಲೆಯ ಗ್ರಂಥಪಾಲಕಿ. ಜೊತೆಗೆ ಮಕ್ಕಳ ಸಹಿಗಳಿದ್ದವು. ಗ್ರಂಥಾಲಯ ವಿಭಾಗದ ಸಮಾರಂಭದಲ್ಲಿ ಈ ಸಂಗತಿಯನ್ನು ಹೇಳದೆ ಬಿಡಲು ನನಗೆ ಮನಸ್ಸಾಗಲಿಲ್ಲ.

ಹಿಂಟನ್ ತೆರೆದ ಬಾಗಿಲಿನಿಂದ ಬಂದವರಲ್ಲಿ ರಾಬರ್ಟ್ ಕಾರ್ಮಿಯರ್ ನನ್ನ ಲೆಕ್ಕದಲ್ಲಿ ದೊಡ್ಡ ಲೇಖಕ. ಮ್ಯಾಸಚುಸೆಟ್ಸಿನ ಪತ್ರಕರ್ತ. ಅವರ ಮಗನ ಶಾಲೆಯಲ್ಲಿ ನಿಧಿ ಸಂಗ್ರಹಕ್ಕೆ ಮಕ್ಕಳು ಚಾಕೊಲೇಟ್ ಮಾರಬೇಕಿತ್ತು. ಮಗ ಒಲ್ಲೆ ಎಂದ. ನಿಜಜೀವನದಲ್ಲಿ ಅದರಿಂದ ಏನೂ ಆಗಲಿಲ್ಲ. ಆಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯಿಂದ ಹುಟ್ಟಿದ್ದು 1974ರ ‘ದಿ ಚಾಕೊಲೇಟ್ ವಾರ್’. ತಾಯಿಯನ್ನು ಕಳೆದುಕೊಂಡ ಜೆರಿ ಎಂಬ ಹುಡುಗ ಮಾರುವುದಿಲ್ಲ ಎಂದು ನಿಲ್ಲುತ್ತಾನೆ. ಶಾಲೆಯ ಗುಪ್ತ ಗುಂಪು ಮತ್ತು ಒಬ್ಬ ಅಧ್ಯಾಪಕ ಸೇರಿ ಅವನನ್ನು ಮುರಿಯುತ್ತಾರೆ. ಕೊನೆಗೆ ಇಡೀ ಶಾಲೆ ನೋಡುತ್ತಿರುವಾಗ ಅವನು ಪೆಟ್ಟು ತಿಂದು ಬೀಳುತ್ತಾನೆ, ವಿರೋಧಿಸಿದ್ದೇ ವ್ಯರ್ಥ ಎಂಬ ಭಾವ ಅವನಲ್ಲಿ ಉಳಿಯುತ್ತದೆ. ಮುಕ್ತಾಯವನ್ನು ಸುಖಾಂತ ಮಾಡಿಕೊಡಿ ಎಂದು ಕೇಳಿದ ಪ್ರಕಾಶಕರಿದ್ದರು. ಕಾರ್ಮಿಯರ್ ಒಪ್ಪಲಿಲ್ಲ. ಅಮೆರಿಕದ ಶಾಲಾ ಗ್ರಂಥಾಲಯಗಳಿಂದ ತೆಗೆಯಬೇಕೆಂಬ ಆಕ್ಷೇಪಣೆಗಳು ಅತಿ ಹೆಚ್ಚು ಬಂದ ಪುಸ್ತಕಗಳಲ್ಲಿ ಇದೂ ಒಂದು.

ಇದೇ ಕಾರ್ಮಿಯರ್ 1977ರ ‘ಐ ಆ್ಯಮ್ ದಿ ಚೀಸ್’ ಕಾದಂಬರಿಯಲ್ಲಿ ಪಾತ್ರವೊಂದರ ದೂರವಾಣಿ ಸಂಖ್ಯೆ ಎಂದು ತಮ್ಮ ಮನೆಯ ಸಂಖ್ಯೆಯನ್ನೇ ಕೊಟ್ಟಿದ್ದರು. ಓದಿದ ಹುಡುಗರು ವರ್ಷಗಟ್ಟಲೆ ಕರೆ ಮಾಡುತ್ತಿದ್ದರು, ಅವರು ಮಾತಾಡುತ್ತಿದ್ದರು. ಇಷ್ಟು ಕತ್ತಲ ಕಥೆ ಬರೆದವರು ಮಕ್ಕಳ ವೈರಿಯಾಗಿರಲೇಬೇಕು ಎನ್ನುವವರು ಈ ಸಂಗತಿಯನ್ನೂ ಜೊತೆಗಿಟ್ಟು ನೋಡಬೇಕು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪುಸ್ತಕವನ್ನು ಇಡುತ್ತೇನೆ. 1971ರಲ್ಲಿ ‘ಗೋ ಆಸ್ಕ್ ಆಲಿಸ್’ ಎಂಬುದು, ಮಾದಕ ದ್ರವ್ಯಕ್ಕೆ ಬಲಿಯಾದ ಹದಿನೈದರ ಹುಡುಗಿಯ ನಿಜವಾದ ದಿನಚರಿ ಎಂದು, ಲೇಖಕರ ಹೆಸರಿಲ್ಲದೆ ಬಂತು. ಎಷ್ಟೋ ಪಾಲಕರು ಇದನ್ನು ತಾವೇ ಕೊಂಡು ಮಕ್ಕಳ ಕೈಗಿಟ್ಟರು, ಓದಿ ಹೆದರಲಿ ಎಂದು. ಅದನ್ನು ಸಿದ್ಧಪಡಿಸಿದವರು ಬಿಯಾಟ್ರಿಸ್ ಸ್ಪಾರ್ಕ್ಸ್ ಎಂಬ ನಡುವಯಸ್ಸಿನ ಮಹಿಳೆ ಎಂಬುದು ಆಮೇಲೆ ಹೊರಬಿತ್ತು. ಇಂದು ಅದನ್ನು ಕಲ್ಪಿತ ಕೃತಿಯೆಂದೇ ಪರಿಗಣಿಸುತ್ತಾರೆ. ಹೆದರಿಸಲು ಬರೆದ ಪುಸ್ತಕ ಮತ್ತು ಕಂಡದ್ದನ್ನು ಬರೆದ ಪುಸ್ತಕ, ಎರಡರಲ್ಲೂ ಮದ್ಯ, ಚಾಕು, ಸಾವು ಇರುತ್ತವೆ. ಪುಟ ತಿರುವಿ ಕೆಟ್ಟ ಪದಗಳನ್ನು ಎಣಿಸುವವರಿಗೆ ಇವೆರಡರ ಅಂತರ ತಿಳಿಯುವುದಿಲ್ಲ. ಹುಡುಗರಿಗೆ ಬೇಗ ತಿಳಿಯುತ್ತದೆ.

ಇಂಗ್ಲೆಂಡಿನ ಒಂದು ಪುಸ್ತಕದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬ್ಯಾರಿ ಹೈನ್ಸ್ 1968ರಲ್ಲಿ ಬರೆದ ‘ಎ ಕೆಸ್ಟ್ರೆಲ್ ಫಾರ್ ಎ ನೇವ್’. ಮರುವರ್ಷ ಕೆನ್ ಲೋಚ್ ‘ಕೆಸ್’ ಎಂಬ ಹೆಸರಿನಲ್ಲಿ ಅದನ್ನು ಚಿತ್ರವಾಗಿಸಿದರು. ಯಾರ್ಕ್‌ಶೈರಿನ ಕಲ್ಲಿದ್ದಲ ಗಣಿಯ ಊರು. ಬಿಲ್ಲಿ ಕ್ಯಾಸ್ಪರನ ತಂದೆ ಮನೆ ಬಿಟ್ಟು ಹೋಗಿದ್ದಾನೆ. ಶಾಲೆ ಮುಗಿದರೆ ಹುಡುಗನಿಗೆ ಕಾದಿರುವುದು ಗಣಿಯೇ. ಅವನಿಗೆ ಒಂದು ಗಿಡುಗದ ಮರಿ ಸಿಗುತ್ತದೆ. ಅದನ್ನು ಪಳಗಿಸುವುದು ಹೇಗೆಂದು ತಿಳಿಯಲು ಗ್ರಂಥಾಲಯಕ್ಕೆ ಹೋಗುತ್ತಾನೆ. ನೀನು ಸದಸ್ಯನಲ್ಲ, ಅರ್ಜಿಗೆ ಮನೆಯ ಹಿರಿಯರ ಸಹಿ ಬೇಕು ಎಂದು ಅಲ್ಲಿ ಹೇಳುತ್ತಾರೆ. ಹುಡುಗ ಪುಸ್ತಕದ ಅಂಗಡಿಗೆ ಹೋಗಿ ಪುಸ್ತಕವನ್ನು ಕದಿಯುತ್ತಾನೆ! ಶಾಲೆಯಲ್ಲಿ ದಡ್ಡನೆನಿಸಿದವನು ಆ ಕಠಿಣ ಪುಸ್ತಕವನ್ನು ಅಕ್ಷರ ಅಕ್ಷರ ಓದಿ ಹಕ್ಕಿಯನ್ನು ಕೈಮೇಲೆ ಕರೆಯುವಷ್ಟು ವಿದ್ಯೆ ಕಲಿಯುತ್ತಾನೆ. ತನ್ನ ಕುದುರೆ ಜೂಜಿನ ದುಡ್ಡನ್ನು ಕಟ್ಟಲಿಲ್ಲವೆಂಬ ಕೋಪಕ್ಕೆ ಅಣ್ಣ ಆ ಹಕ್ಕಿಯನ್ನು ಕೊಲ್ಲುತ್ತಾನೆ. ಕಥೆ ಮುಗಿಯುತ್ತದೆ. ನಮ್ಮ ಗ್ರಂಥಾಲಯದ ಸದಸ್ಯತ್ವದ ಅರ್ಜಿಯಲ್ಲೂ ಹದಿನೆಂಟು ತುಂಬದವರಿಗೆ ತಂದೆಯ ಸಹಿಯ ಸಾಲೊಂದಿದೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಹಿಂಟನ್ ಕಥೆಯಲ್ಲಿ ಕಾಣದ ಕಪ್ಪು ಹುಡುಗರನ್ನು ಈ ಸಾಹಿತ್ಯದ ನಡುಮನೆಗೆ ತಂದವರಲ್ಲಿ ಪ್ರಮುಖರು ಹಾರ್ಲೆಮ್ಮಿನ ವಾಲ್ಟರ್ ಡೀನ್ ಮೈಯರ್ಸ್. ಅವರೇ ಹೈಸ್ಕೂಲು ಬಿಟ್ಟು ಹದಿನೇಳರಲ್ಲಿ ಸೈನ್ಯ ಸೇರಿದವರು. 1999ರ ಅವರ ‘ಮಾನ್‌ಸ್ಟರ್’ ಕಾದಂಬರಿ ಮರುವರ್ಷ ಆರಂಭವಾದ ಪ್ರಿಂಟ್ಸ್ ಪ್ರಶಸ್ತಿಯನ್ನು ಮೊತ್ತಮೊದಲು ಪಡೆಯಿತು. ಔಷಧಿ ಅಂಗಡಿಯ ದರೋಡೆಯಲ್ಲಿ ಮಾಲೀಕ ಸತ್ತಿದ್ದಾನೆ, ಕಾವಲು ನಿಂತಿದ್ದನೆಂದು ಹದಿನಾರರ ಸ್ಟೀವ್ ಕಟಕಟೆಯಲ್ಲಿದ್ದಾನೆ. ಸರಕಾರಿ ವಕೀಲೆ ಅವನನ್ನು ರಾಕ್ಷಸನೆಂದು ಕರೆದ ಮೇಲೆ, ನಾನು ನಿಜಕ್ಕೂ ಅದೇ ಏನು ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಬಿಡುಗಡೆಯಾದಾಗ ತನ್ನ ವಕೀಲೆಯನ್ನು ಅಪ್ಪಿಕೊಳ್ಳಲು ತೋಳು ಚಾಚಿದರೆ ಆಕೆ ಮುಖ ತಿರುಗಿಸಿ ಹೋಗುತ್ತಾಳೆ. ಆಕೆ ಏನನ್ನು ಕಂಡಳು? ಮೈಯರ್ಸ್ ಹೇಳುವುದಿಲ್ಲ. ನಮ್ಮಲ್ಲೂ 2015ರ ಬಾಲನ್ಯಾಯ ಕಾಯಿದೆಯ ನಂತರ, ಹದಿನಾರು ತುಂಬಿ ಹದಿನೆಂಟರೊಳಗಿರುವವರನ್ನು ಘೋರ ಅಪರಾಧದ ಆರೋಪದಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶವಾಗಿದೆ. ಆ ಕಾಯಿದೆಯ ಬಗ್ಗೆ ನಾವು ಸಂಘದಲ್ಲಿ ಎರಡು ಸಂಜೆ ಬಿರುಸಾಗಿ ಚರ್ಚಿಸಿದೆವು. ಆ ವಯಸ್ಸಿನ ಒಬ್ಬ ಹುಡುಗನೂ ಸಭೆಯಲ್ಲಿರಲಿಲ್ಲ.

ಈಗ ಮನೆಯ ಹತ್ತಿರಕ್ಕೆ ಬರೋಣ. ಇದೇ ಮುಂಬಯಿಯ ಚಾಳುಗಳ ಪೋಕರಿ ಹುಡುಗರ ಭಾಷೆಯಲ್ಲೇ ಭಾವೂ ಪಾಧ್ಯೆ 1965ರಲ್ಲಿ ಮರಾಠಿಯ ‘ವಾಸುನಾಕಾ’ ಬರೆದರು. ನಾಕಾ ಎಂದರೇನೆಂದು ಇಲ್ಲಿರುವ ಯಾರಿಗೂ ವಿವರಿಸಬೇಕಿಲ್ಲ. ಅಶ್ಲೀಲವೆಂದು ದೊಡ್ಡ ಗದ್ದಲವಾಯಿತು. ಆಚಾರ್ಯ ಅತ್ರೆಯಂಥವರೇ ಹರಿಹಾಯ್ದರು. ಇಂದು ಮರಾಠಿಯವರು ಅದನ್ನು ತಮ್ಮ ಮುಖ್ಯ ಕೃತಿಗಳ ಸಾಲಿನಲ್ಲಿಟ್ಟಿದ್ದಾರೆ. ಕನ್ನಡದಲ್ಲಿ ಎಳೆಯರ ನೋವು ಬಂದೇ ಇಲ್ಲವೆಂದರೆ ಅನ್ಯಾಯವಾಗುತ್ತದೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಕಾಣುವುದು ಹುಡುಗನ ಕಣ್ಣು. ಭೈರಪ್ಪನವರ ‘ಗೃಹಭಂಗ’ದಲ್ಲಿ ಮುರಿದ ಮನೆಯ ಮಕ್ಕಳಿದ್ದಾರೆ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಅವಮಾನದ ಬಾಲ್ಯವನ್ನು ಬಿಚ್ಚಿಟ್ಟವು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ಇಂಗ್ಲಿಷಿಗೆ ಹೋಗಿ 2018ರ ಸಾಲಿನ ಡಿಎಸ್‌ಸಿ ಬಹುಮಾನ ಪಡೆದವು. ಆದರೆ ಇವೆಲ್ಲ ದೊಡ್ಡವರು ದೊಡ್ಡವರಿಗಾಗಿ ಬರೆದವು. ಪಂಜೆಯವರ, ರಾಜರತ್ನಂ ಅವರ ಮಕ್ಕಳ ಪದ್ಯದಿಂದ ನಮ್ಮ ಓದುಗ ನೇರವಾಗಿ ಕಾರಂತರಿಗೆ ಜಿಗಿಯಬೇಕು. ನಡುವೆ ಮೆಟ್ಟಿಲಿಲ್ಲ.

ಏಕಿಲ್ಲ? ಹದಿಹರೆಯ ಎಂಬ ಬಿಡುವಿನ ಕಾಲವೇ ನಮ್ಮ ಹಿಂದಿನವರಿಗೆ ಇರಲಿಲ್ಲ. ಹುಡುಗ ಹನ್ನೆರಡಕ್ಕೆ ದುಡಿದ, ಹುಡುಗಿ ಹದಿನೈದಕ್ಕೆ ಗಂಡನ ಮನೆ ಸೇರಿದಳು. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಬಹುಪಾಲು ಮಕ್ಕಳು ಹದಿನೆಂಟರವರೆಗೆ ಹೈಸ್ಕೂಲಿನಲ್ಲಿ ಉಳಿದರು, ಅವರಿಗೊಂದು ಪ್ರತ್ಯೇಕ ಲೋಕವಾಯಿತು, ಆ ಲೋಕಕ್ಕೆ ಪುಸ್ತಕ ಬೇಕಾಯಿತು. ಆ ವಯಸ್ಸು ಈಗ ನಮ್ಮ ಮನೆಗಳಿಗೂ ಬಂದಿದೆ.

ನಾನು ಈ ಊರಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿದವನು. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲಿಡೀ ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿ, ಕಪ್ಪುಬಸಿ ತೊಳೆದು, ಸಂಜೆ ಬೆರಳ ತುದಿ ಸುಕ್ಕುಗಟ್ಟಿರುವಂತೆಯೇ ತರಗತಿಗೆ ಬರುತ್ತಿದ್ದರು. ಒಮ್ಮೆ ಪರೀಕ್ಷೆಯಲ್ಲಿ ‘ನನ್ನ ಊರು’ ಎಂಬ ಪ್ರಬಂಧ ಕೇಳಿದ್ದರು. ಎಲ್ಲರೂ ತೆಂಗಿನ ತೋಟ, ಹೊಳೆ, ದೇವಸ್ಥಾನದ ರಥೋತ್ಸವ ಬರೆದರು. ಒಬ್ಬ ಮಾತ್ರ ತಂದೆ ಕುಡಿದು ಬಂದ ರಾತ್ರಿಗಳಲ್ಲಿ ತಾನು ಅಡಗುತ್ತಿದ್ದ ಸೌದೆ ಕೊಟ್ಟಿಗೆಯ ಬಗ್ಗೆ ಬರೆದ. ಎಲ್ಲಿ ಕೂತರೆ ಲಾಟೀನಿನ ಬೆಳಕು ತಾಗುವುದಿಲ್ಲ, ಯಾವ ಸೌದೆ ಸರಿಸಿದರೆ ಸದ್ದಾಗುತ್ತದೆ, ಎಲ್ಲವೂ ಇತ್ತು. ತಿದ್ದಿದವರು ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದು ನೂರಕ್ಕೆ ಇಪ್ಪತ್ತೆಂಟು ಕೊಟ್ಟಿದ್ದರು. ಅವನು ಮರುವರ್ಷ ಶಾಲೆಗೆ ಬರಲಿಲ್ಲ. ಹಿಂಟನ್‌ಗೆ ಬಂದ ‘ಡಿ’ ದರ್ಜೆಯ ಸಂಗತಿ ಓದಿದಾಗ ನನಗೆ ಆ ಕೆಂಪು ಶಾಯಿ ಕಣ್ಣಿಗೆ ಕಟ್ಟಿತು.

ಆ ಶಾಲೆಗಳಲ್ಲಿ ಕಲಿತವರು ಹೋಟೆಲಿನ ಧಣಿಗಳಾದರು, ವಕೀಲರಾದರು, ಸಾಹಿತಿಗಳಾದರು. ನಮ್ಮ ಸ್ಮರಣ ಸಂಚಿಕೆಗಳು ಅವರ ಜೀವನ ಚರಿತ್ರೆಗಳಿಂದ ತುಂಬಿವೆ, ತುಂಬಬೇಕಾದ್ದೇ. ಆದರೆ ಅದೇ ಬೆಂಚಿನಲ್ಲಿ ಕೂತು ಆಮೇಲೆ ಮಟಕಾಕ್ಕೆ ಬಿದ್ದವರು, ಜೈಲು ಕಂಡವರು, ಊರಿಗೆ ಮುಖ ತೋರಿಸಲಾರದೆ ಎಲ್ಲೋ ಕರಗಿ ಹೋದವರು ನಮ್ಮ ಯಾವ ಸಂಚಿಕೆಯಲ್ಲಿದ್ದಾರೆ? ಇಂದು ನಮ್ಮ ಮನೆಯ ಹದಿನಾರರ ಹುಡುಗನಿಗೆ ನಾವು ದಿನವೂ ಹೇಳುವುದು ಒಂದೇ ಕಥೆ: ನಾನು ನಿನ್ನ ವಯಸ್ಸಿನಲ್ಲಿ ಕೈಚೀಲ ಹಿಡಿದು ಈ ಊರಿಗೆ ಬಂದೆ, ಹಗಲು ದುಡಿದು ರಾತ್ರಿ ಓದಿದೆ, ನಿನಗೇನು ಕಡಿಮೆಯಾಗಿದೆ? ಸೋತವನಿಗೆ ಜಾಗವೇ ಇಲ್ಲದ ಕಥೆ ಅದು. ಪರೀಕ್ಷೆಯಲ್ಲಿ ಹಿಂದೆ ಬಿದ್ದವನು, ಮನೆಯಲ್ಲಿ ತುಳುವೋ ಕನ್ನಡವೋ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ ಹಿಂದಿ ಆಡುತ್ತ ಯಾವುದರಲ್ಲೂ ತನ್ನ ದುಃಖ ಹೇಳಲು ಬಾರದವನು ಆ ಕಥೆಯನ್ನು ಕೇಳಿ ಬಾಗಿಲು ಹಾಕಿಕೊಳ್ಳುತ್ತಾನೆ. ಅಂಥವನಿಗೆ ಟಲ್ಸಾದ ಎಣ್ಣೆತಲೆಯ ಹುಡುಗನೊಬ್ಬ ಮಾತಿಗೆ ಸಿಕ್ಕರೆ, ಅವನನ್ನು ಕಪಾಟಿನಿಂದ ಹೊರಹಾಕಲು ನನಗೆ ಮನಸ್ಸು ಬರುವುದಿಲ್ಲ.

ಪತ್ರ ಬರೆದ ನನ್ನ ಸ್ನೇಹಿತರ ಮಾತು ಹೀಗಿದೆ: ಓದಿ ಕೆಡುವ ಮಗನೂ ಇರಬಹುದಲ್ಲ? ಇರಬಹುದು, ಪುಸ್ತಕಕ್ಕೆ ಆ ಶಕ್ತಿ ಇಲ್ಲವೆನ್ನಲಾರೆ. ಅದಕ್ಕಾಗಿಯೇ ಈ ಪುಸ್ತಕಗಳನ್ನು ಮಕ್ಕಳ ಜೊತೆಗೆ ನಾವೂ ಓದಬೇಕೆನ್ನುತ್ತೇನೆ. ಅವರು ಒಪ್ಪಿದರೆ ‘ದಿ ಔಟ್‌ಸೈಡರ್ಸ್’ ಪ್ರತಿಯನ್ನು ಮೊದಲು ಅವರೇ ಒಯ್ಯಲಿ, ಇನ್ನೂರು ಪುಟ ತುಂಬದ ಪುಸ್ತಕ.

ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಕೋರಿಕೆಗಳು ಸಣ್ಣವು. ದಾನವಾಗಿ ಬಂದ ಪುಸ್ತಕಗಳು ಕಪಾಟಿನಲ್ಲೇ ಉಳಿಯಲಿ. ಈ ತ್ರೈಮಾಸಿಕದಲ್ಲಿ ಪ್ರತಿ ಸಂಚಿಕೆಗೆ ನಾಲ್ಕು ಪುಟಗಳನ್ನು ಹದಿನೆಂಟರೊಳಗಿನವರಿಗೆ ಬಿಡೋಣ. ಅವರ ಕನ್ನಡ ಬೆರಕೆಯಾಗಿದ್ದರೂ, ಕಾಗುಣಿತ ತಪ್ಪಿದ್ದರೂ ಅಚ್ಚಾಗಲಿ. ಬೇಡವೆಂದರೆ ಹೆಸರು ಹಾಕುವುದೂ ಬೇಡ. ಕನ್ನಡ ಲಿಪಿ ಬಾರದವರು ಬಾಯಲ್ಲಿ ಹೇಳಲಿ, ನಿವೃತ್ತನಾದ ನನಗೆ ಶನಿವಾರ ಸಂಜೆ ಬಿಡುವಿದೆ, ಕೂತು ಬರೆದುಕೊಳ್ಳುತ್ತೇನೆ. ಇನ್ನು ಸದಸ್ಯತ್ವದ ಅರ್ಜಿಯಲ್ಲಿ ತಂದೆಯ ಸಹಿ ಕೇಳುವ ಆ ಸಾಲು. ಹೊಸ ನಮೂನೆಗಳು ಬರುವ ತಿಂಗಳು ಅಚ್ಚಿಗೆ ಹೋಗುತ್ತವೆಂದು ಕಾರ್ಯದರ್ಶಿಗಳು ಹೇಳಿದರು. ಅಚ್ಚಿಗೆ ಹೋಗುವ ಮೊದಲು ಅದನ್ನು ತೆಗೆದುಹಾಕಲು ಒಂದು ಸಭೆ ಸಾಕು.